ಮಷೀನು ಕೇಳಿದ್ದು ಗ್ರೀಸು

ಅಂಬ್ರಪ್ಪನ ಬಲಗೈಯ ಎರಡು ಬೆರಳು ತಿಂದ ಮಷೀನು ಬೇವಿನ ಮರದ ಬುಡದಲ್ಲಿ ತಿಂಗಳುಗಟ್ಟಲೆ ಬಿದ್ದಿತ್ತು. ಅದು ಕಟ್ಟಿಗೆ ಚೂರು ಮಾಡುವ ಮಷೀನು, ಟ್ರ್ಯಾಕ್ಟರಿನ ಹಿಂದೆ ಜೋಡಿಸಿ ಓಡಿಸುವಂಥದ್ದು. ಹುಣಸಗಿ ಕಡೆಯ ಕಾಲುವೆ ನೀರು ಕುಡಿದು ದಂಡೆಯ ಮೇಲೆ ಕೊಬ್ಬಿ ನಿಂತ ಜಾಲಿಯನ್ನು ಕಡಿದು ಅದರ ಬಾಯಿಗೆ ಕೊಟ್ಟರೆ, ಚೂರಾಗಿ ಇಟ್ಟಂಗಿ ಭಟ್ಟಿಗೆ ಹೋಗುತ್ತಿತ್ತು. ಗಂಡ ಹೆಂಡತಿ ಇಬ್ಬರೂ ಅದನ್ನೇ ನಂಬಿ ದುಡಿಯುತ್ತಿದ್ದರು. ಬೇಸಿಗೆಯಲ್ಲಿ ಒಮ್ಮೆ ಕೊಂಬೆ ಸಿಕ್ಕಿಕೊಂಡಾಗ, ಟ್ರ್ಯಾಕ್ಟರ್ ನಿಲ್ಲಿಸುವಷ್ಟು ತಾಳ್ಮೆಯಿಲ್ಲದೆ ಅಂಬ್ರಪ್ಪ ಒಳಗೆ ಕೈ ಹಾಕಿದ್ದ.

ಅಂದಿನಿಂದ ಓಣಿಯಲ್ಲೆಲ್ಲ ಒಂದೇ ಮಾತು: ಮಷೀನು ರಕ್ತದ ರುಚಿ ಕಂಡಿದೆ.

ಅಮಾವಾಸ್ಯೆಯ ಮುಂಜಾನೆ ಅಂಬ್ರಪ್ಪನ ಅಣ್ಣ ಅಯ್ಯಪ್ಪ ಹೋತವೊಂದನ್ನು ಎಳೆದುಕೊಂಡೇ ಬಂದ. ಹಿಂದೆ ಓಣಿಯ ನಾಲ್ಕು ಮಂದಿ ಬಂದರು. ಮಷೀನಿನ ಮೈಗೆಲ್ಲ ಕುಂಕುಮ ಬಳಿದು, ತಮ್ಮನ ಹೆಂಡತಿಯನ್ನು ಕೂಗಿದ.

"ಬಲಿ ಕೊಡಬೇಕು ಮರಿಲಿಂಗಮ್ಮ. ಇಲ್ಲಂದ್ರ ಇದು ಬೆರಳಿಗೆ ನಿಲ್ಲಂಗಿಲ್ಲ, ಜೀವಾನೇ ತಗೋತದ."

ಮರಿಲಿಂಗಮ್ಮ ಸೀಮೆಎಣ್ಣೆ ಡಬ್ಬಿ, ಗ್ರೀಸ್ ಗನ್, ಹಳೇ ಅರಿವೆ ಹಿಡಿದು ಹೊರಗೆ ಬಂದಳು.

"ಹೋತ ಹೊಡ್ಕೊಂಡು ಹೋಗ್ರಿ ಭಾವ. ಇದಕ ರಕ್ತ ಬೇಕಾಗಿಲ್ಲ, ಗ್ರೀಸ್ ಬೇಕಾಗ್ಯಾದ."

"ಹೆಣ್ಮಕ್ಕಳು ಮುಟ್ಟೋ ಚೀಜ್ ಅಲ್ಲ ಇದು!"

"ಇದರ ಬಾಯಿಗೆ ಜಾಲಿ ಹೊತ್ತು ಹಾಕೋವಾಗ ನಾ ಹೆಣ್ಮಗಳು ಆಗಿದ್ದಿಲ್ಲೇನು?"

ಅವಳು ಕುಂಕುಮ ಒರೆಸಿ ಹಾಕಿದಳು. ಕಟ್ಟೆಯ ಮೇಲೆ ಕುಳಿತ ಅಂಬ್ರಪ್ಪ ಮುಖ ತಿರುಗಿಸಿ, "ಬಿಡು, ಗುಜರಿಗೆ ಹಾಕೋಣು" ಎಂದ.

"ಗುಜರಿ ಮಾತು ಆಮ್ಯಾಲೆ. ಗ್ರೀಸ್ ಎಲ್ಲೆಲ್ಲಿ ಹೊಡೀತಿದ್ರಿ, ಅದು ಹೇಳ್ರಿ."

ಅವನು ಇನ್ನಷ್ಟು ಆ ಕಡೆಗೆ ಹೊರಳಿ ಕುಳಿತ.

"ಹೇಳಲಿಲ್ಲಂದ್ರ ಕಂಡ ಕಂಡ ತೂತಿಗೆಲ್ಲ ಹೊಡೀತೀನಿ ನೋಡ್ರಿ" ಎಂದು ಅವಳು ಗ್ರೀಸ್ ಗನ್ ಎತ್ತಿದಳು.

"ಏ! ಬೆಲ್ಟಿಗೆ ತಾಗಿಸಬ್ಯಾಡ, ಜಾರ್ತದ!" ಎಂದು ಅಂಬ್ರಪ್ಪ ತಡೆಯಲಾರದೆ ಚೀರಿದ. ಹಾಗೆ ಶುರುವಾದ ಅವನ ಮಾತು ಮತ್ತೆ ನಿಲ್ಲಲಿಲ್ಲ. ಮೊದಲು ಧೂಳು ಒರೆಸು, ಆಮೇಲೆ ಬೇರಿಂಗಿಗೆ ಹೊಡಿ. ಅವಳು ಗನ್ ಒತ್ತಿದಂತೆ ಡಾಂಬರಿನಂಥ ಹಳೇ ಗ್ರೀಸು ಪಕ್ಕದಿಂದ ಹೊರಬಿತ್ತು, ಹಿಂದೆಯೇ ಹೊಸದು ಹಳದಿಯಾಗಿ ಇಣುಕಿತು. ಮೊಂಡಾದ ಬ್ಲೇಡು ಬಿಚ್ಚಿ, ಸಾಣೆ ಹಿಡಿಸಿ ತಂದು ಮತ್ತೆ ಕೂಡಿಸಿದಳು. ನಟ್ಟುಗಳನ್ನು ಅಂಬ್ರಪ್ಪ ಅವಳ ಕೈಯಿಂದ ಎರಡೆರಡು ಸಲ ಬಿಗಿ ಮಾಡಿಸಿದ.

ಮಧ್ಯಾಹ್ನ ಟ್ರ್ಯಾಕ್ಟರಿನ ವಹಾಬ ಬಂದ. ಮಷೀನು ಜೋಡಿಸಲು ಅವನಿಗೂ ಅಂಜಿಕೆ.

"ನಾ ಬಂದ್ ಅಂದ ಕೂಡ್ಲೇ ಬಂದ್ ಮಾಡಿ ಕೀಲಿ ನನ್ನ ಕೈಗೆ ಕೊಡು. ಅಷ್ಟ ನಿನ್ನ ಕೆಲಸ" ಎಂದಳು ಮರಿಲಿಂಗಮ್ಮ.

ಮಷೀನು ಗುಡುಗಿತು. ಎರಡು ಕೊಂಬೆ ನುಂಗಿತು. ಕವಲಿದ್ದ ಮೂರನೆಯದು ಬಾಯಲ್ಲಿ ಗಕ್ಕನೆ ಸಿಕ್ಕಿಕೊಂಡಿತು. "ನೋಡಿದ್ಯಾ!" ಎಂದು ಹೋತದ ಹಗ್ಗ ಹಿಡಿದು ಇನ್ನೂ ಅಲ್ಲೇ ನಿಂತಿದ್ದ ಅಯ್ಯಪ್ಪ ಕೂಗಿದ. ಅವಳು ಕೈ ಎತ್ತಿದಳು. ಎಂಜಿನ್ ಬಂದ್ ಆಯಿತು. ಕೀಲಿಯನ್ನು ಸೀರೆಯ ಸೆರಗಿಗೆ ಗಂಟು ಹಾಕಿಕೊಂಡಳು. ಒಳಗಿನ ಗಾಲಿ ಇನ್ನೂ ತಿರುಗುತ್ತಿತ್ತು. ಅದರ ಸದ್ದು ಪೂರ್ತಿ ಅಡಗುವವರೆಗೆ ಕಟ್ಟಿಗೆಯ ದಿಮ್ಮಿಯ ಮೇಲೆ ಕುಳಿತಳು.

"ಅಂಜಿದಳು" ಎಂದು ಯಾರೋ ನಕ್ಕರು.

"ಹೌದ್ರಿ, ಅಂಜೀನಿ. ಅದಕ್ಕ ನನ್ನ ಹತ್ತೂ ಬೆರಳು ಇನ್ನಾ ಜಾಗಾದಾಗ ಅವ."

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡಳು. ಗಂಡನ ಕಡೆ ನೋಡಿದಳು. ಅಂಬ್ರಪ್ಪ ನಗುತ್ತಿದ್ದ, ಕಣ್ಣಲ್ಲಿ ನೀರು ಬರುವ ಹಾಗೆ ನಗುತ್ತಿದ್ದ. ಎದ್ದು ಬಂದು ಮಷೀನಿನ ಮುಚ್ಚಳ ಎತ್ತಿ ಹಿಡಿದ. ಅವಳು ಕವಲುಕೊಂಬೆ ಎಳೆದು ತೆಗೆದಳು.

ಮರುದಿನದಿಂದ ಇಬ್ಬರೂ ಮತ್ತೆ ಕಾಲುವೆ ದಂಡೆಗೆ ಹೋದರು. ದಿನಾ ಕೆಲಸಕ್ಕೆ ಮೊದಲು ಗ್ರೀಸು ಹೊಡೆಯುವುದು ಅವಳ ಪಾಲಾಯಿತು. ಅಯ್ಯಪ್ಪ ಮಳೆಗಾಲ ಮುಗಿಯುವವರೆಗೂ ಮಾತು ಬಿಟ್ಟ. ಅವಳು ಬಿಡಲಿಲ್ಲ. ಎದುರು ಸಿಕ್ಕಾಗಲೆಲ್ಲ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು ಕೇಳುತ್ತಿದ್ದಳು:

"ನಿಮ್ಮ ಹೊಲದ ಬದುವಿನಾಗೂ ಜಾಲಿ ಬೆಳದಾದ ಭಾವ, ಮಷೀನು ಯಾವಾಗ ತರೂಣ್ರಿ?"