ಎರಡು ದಿನಕ್ಕೆಂದು ಪಡೆದ ನೋಟ್ಸು

ಒಂದು ಸಹಿ ಹಾಕುವುದು ಇಷ್ಟು ಕಷ್ಟವೆಂದು ಸೋಮವಾರದವರೆಗೆ ನನಗೆ ಗೊತ್ತಿರಲಿಲ್ಲ. ದೇವನಹಳ್ಳಿಯ ಕಾಲೇಜಿನಲ್ಲಿ ಹನ್ನೆರಡು ವರ್ಷದಿಂದ ಅರ್ಥಶಾಸ್ತ್ರ ಹೇಳುವ ಅತಿಥಿ ಉಪನ್ಯಾಸಕ ನಾನು. ಅತಿಥಿಯಂತೆ! ಹನ್ನೆರಡು ವರ್ಷ ಯಾರಾದರೂ ಅತಿಥಿಯನ್ನು ಇಟ್ಟುಕೊಳ್ಳುತ್ತಾರೆಯೇ? ಪ್ರತಿ ವರ್ಷ ಹೊಸದಾಗಿ ನೇಮಕ, ಪ್ರತಿ ವರ್ಷ ಹೊಸದೊಂದು ಕಾಗದ. ಈ ಸಲ ವಿಶ್ವವಿದ್ಯಾಲಯ ಕೇಳಿದ್ದು ನಮ್ಮ ಪಾಠದ ನೋಟ್ಸು. ಸ್ಕ್ಯಾನ್ ಮಾಡಿ ಅವರ ಜಾಲತಾಣಕ್ಕೆ ಹಾಕಬೇಕು, ಜೊತೆಗೆ ಒಂದು ಘೋಷಣಾ ಪತ್ರ: ‘ಈ ಬೋಧನಾ ಸಾಮಗ್ರಿಯನ್ನು ನಾನೇ ರಚಿಸಿದ್ದೇನೆ. ಇದರ ಹಕ್ಕು ನನ್ನದು. ಅದನ್ನು ವಿಶ್ವವಿದ್ಯಾಲಯಕ್ಕೆ ಒಪ್ಪಿಸುತ್ತಿದ್ದೇನೆ.’ ಶುಕ್ರವಾರ ಕೊನೆಯ ದಿನ. ಪತ್ರ ಕೊಡದವರಿಗೆ ಮುಂದಿನ ವರ್ಷ ಕ್ಲಾಸಿಲ್ಲ.

ನನ್ನ ನೋಟ್ಸು ನನ್ನದಲ್ಲ. ಅದೊಂದು ಕಂದು ರಟ್ಟಿನ ಹಳೆಯ ನೋಟ್‌ಬುಕ್ಕು, ಹೆಸರಿನ ಚೀಟಿ ಕಿತ್ತುಹೋಗಿದೆ. ಡಿಗ್ರಿಯಲ್ಲಿ ನನಗೆ ಪಾಠ ಮಾಡಿದ ಸಂಜೀವಪ್ಪ ಮೇಷ್ಟ್ರು, ನಾನು ಕೆಲಸಕ್ಕೆ ಸೇರಿದ ದಿನ ಕೊಟ್ಟದ್ದು. ಅದನ್ನೇ ಅವರು ನಮಗೆ ಬರೆಸಿದ್ದರು, ಅದನ್ನೇ ಓದಿ ನಾನು ಫಸ್ಟ್ ಕ್ಲಾಸ್ ಬಂದೆ, ಅದನ್ನೇ ಈಗ ನನ್ನ ವಿದ್ಯಾರ್ಥಿಗಳಿಗೆ ಬರೆಸುತ್ತೇನೆ. ಬೇಡಿಕೆಯ ನಿಯಮಕ್ಕೆ ಅದರಲ್ಲಿರುವ ಉದಾಹರಣೆ ಕುಂದಾಣದ ಪಿಳ್ಳಮ್ಮ. ಸಾಯಂಕಾಲವಾದಂತೆ ಪಿಳ್ಳಮ್ಮ ಸಂತೆಯಲ್ಲಿ ಹೀರೇಕಾಯಿ ಬೆಲೆ ಇಳಿಸುತ್ತಾಳೆ, ಜನ ಮುಗಿಬೀಳುತ್ತಾರೆ. ನಮ್ಮ ಕಾಲೇಜಿನಲ್ಲಿ ಓದಿದ ಯಾರನ್ನಾದರೂ ಕೇಳಿ, ಪಿಳ್ಳಮ್ಮ ಗೊತ್ತಿರುತ್ತಾಳೆ.

“ಸೈನ್ ಹಾಕಿ ಬಿಸಾಕು ಗುರು,” ಎಂದರು ಪ್ರಿನ್ಸಿಪಾಲ್ ಭಾನುಪ್ರಕಾಶ್. “ನನ್ನ ನೋಟ್ಸೂ ಗೈಡ್‌ನಿಂದ ಇಳಿಸಿದ್ದೇ. ಯಾರ್ ಕೇಳ್ತಾರೆ?”

ಯಾರೂ ಕೇಳುವುದಿಲ್ಲ ನಿಜ. ಆದರೂ ‘ನಾನೇ’ ಎಂಬಲ್ಲಿಗೆ ಬಂದಾಗೆಲ್ಲ ನನ್ನ ಪೆನ್ನು ಮೊಂಡಾಟ ಮಾಡುತ್ತಿತ್ತು. ಮೇಷ್ಟ್ರು ಒಂದು ಮಾತು ‘ಹಾಕಪ್ಪಾ’ ಅಂದರೆ ಸಾಕು ಎಂದುಕೊಂಡು ಬುಧವಾರ ಅವರ ಊರು ಆವತಿಗೆ ಬೈಕು ಓಡಿಸಿದೆ.

ಸಂಜೀವಪ್ಪ ಮೇಷ್ಟ್ರು ಜಗಲಿಯಲ್ಲಿ ಕೂತು ಪತ್ರ ಓದಿದರು. ಓದಿ, ನನ್ನ ಮುಖ ನೋಡದೆ ಮಡಿಸಿದರು.

“ನಂದೂ ಅಲ್ಲ ಕಣಪ್ಪ ಅದು.”

“ಏನ್ ಸಾರ್ ಹಂಗಂದ್ರೆ?”

“ನಾನು ಯಾವತ್ತು ನೋಟ್ಸ್ ಬರ್ಕೊಂಡೋನು? ಬಾಯಲ್ಲೇ ಪಾಠ ಮಾಡ್ತಿದ್ದೆ. ತೊಂಬತ್ತಾರರಲ್ಲಿ ಇನ್ಸ್‌ಪೆಕ್ಷನ್ನು ಬಂತು, ಲೆಕ್ಚರರ್ ನೋಟ್ಸ್ ತೋರ್ಸಿ ಅಂದ್ರು. ಕ್ಲಾಸಲ್ಲಿ ಒಬ್ಳು ಹುಡುಗಿ ನೀಟಾಗಿ ಬರ್ಕೊಳ್ಳೋಳು. ಅವಳತ್ರ ಇಸ್ಕೊಂಡು, ಚೀಟಿ ಕಿತ್ತು, ನಂದೇ ಅಂತ ತೋರಿಸ್ಬಿಟ್ಟೆ. ಆಮೇಲೆ ಟ್ರಾನ್ಸ್‌ಫರ್ ಆಯ್ತು. ಪುಸ್ತಕ ನನ್ನ ಪೆಟ್ಟಿಗೇಲೇ ಉಳ್ಕೊಂಡ್ಬಿಡ್ತು.”

“ಯಾರ್ ಸಾರ್ ಆ ಹುಡುಗಿ?”

“ಹೆಸರು ಮರೆತೋಯ್ತು. ಪಿಳ್ಳಮ್ಮನ ಮಗಳು. ಆ ಹೀರೇಕಾಯಿ ಕಥೆ ನಾನು ಹೇಳಿದ್ದಲ್ಲಪ್ಪ, ಅವಳೇ ಸೇರಿಸ್ಕೊಂಡಿದ್ದು.”

ಪಿಳ್ಳಮ್ಮ ನಿಜವಾಗಿ ಇದ್ದಾಳೆಯೇ! ನನಗೆ ಕೋಪ ಬಂತು. ಮೇಷ್ಟ್ರ ಮೇಲೋ, ನನ್ನ ಮೇಲೋ, ಆ ಪತ್ರ ಬರೆದ ಪುಣ್ಯಾತ್ಮನ ಮೇಲೋ ತಿಳಿಯಲಿಲ್ಲ. ಪಾಠ ಮೇಷ್ಟ್ರದು, ಬರಹ ಆ ಹುಡುಗಿಯದು, ಕೊನೆಗೆ ಜಿಎಸ್‌ಟಿ ಬಂದಾಗ ಎರಡು ಪುಟ ಸೇರಿಸಿದ್ದು ನಾನು. ಹಾಗಾದರೆ ಹಕ್ಕು ಯಾರದು? ದಾರಿಯುದ್ದಕ್ಕೂ ಯೋಚಿಸಿದೆ, ತಲೆ ಕೆಟ್ಟಿತೇ ಹೊರತು ಉತ್ತರ ಹೊಳೆಯಲಿಲ್ಲ.

ಗುರುವಾರ ಕುಂದಾಣದಲ್ಲಿ ಪಿಳ್ಳಮ್ಮನ ಮನೆ ಕೇಳಿದೆ. ಟೊಮೇಟೊ ಸಸಿ ಬೆಳೆಸುವ ನರ್ಸರಿಯೊಂದನ್ನು ತೋರಿಸಿದರು. ಐವತ್ತರ ಹತ್ತಿರದ ಹೆಂಗಸೊಬ್ಬರು ಟ್ರೇಗಳಿಗೆ ಮಣ್ಣು ತುಂಬುತ್ತಿದ್ದರು, ಪಕ್ಕದಲ್ಲಿ ಮುದುಕಿಯೊಬ್ಬಳು ಕುರ್ಚಿ ಹಾಕಿಕೊಂಡು ಕೂತಿದ್ದಳು. ನಾನು ಚೀಲದಿಂದ ನೋಟ್‌ಬುಕ್ ತೆಗೆದದ್ದಷ್ಟೇ, ಹೆಂಗಸಿನ ಕೈ ನಿಂತುಹೋಯಿತು.

ಅವರೇ ಕವಿತ. ನಾನು ಯಾರೆಂದು ಹೇಳಿ, ಹೆದರಿಕೆಗೆ ಹೀರೇಕಾಯಿಯ ಕಥೆಯನ್ನೇ ಮೊದಲು ಓದಿದೆ.

“ಸುಳ್ಳು!” ಎಂದಳು ಮುದುಕಿ. “ನಾನ್ಯಾವತ್ತಪ್ಪಾ ಬೆಲೆ ಇಳಿಸ್ದೆ? ಮಿಕ್ಕಿದ್ದನ್ನ ಹಸಕ್ಕೆ ಹಾಕ್ತಿದ್ದೆ.”

“ಉತ್ತರ ಸರಿಯಾಗ್ಬೇಕಿತ್ತಲ್ಲಮ್ಮ, ಅದಕ್ಕೆ ನಾನೇ ಇಳಿಸ್ದೆ,” ಎಂದರು ಕವಿತ. ನಗಲಿಲ್ಲ. “ಎರಡು ದಿನಕ್ಕೆ ಅಂತ ಇಸ್ಕೊಂಡ್ರು ಸಾರ್ ಇದನ್ನ. ಪರೀಕ್ಷೆಗೆ ಹತ್ತು ದಿನ ಇತ್ತು. ದಿನಾ ಸ್ಟಾಫ್ ರೂಂ ಬಾಗಿಲವರೆಗೂ ಹೋಗ್ತಿದ್ದೆ, ಕೇಳೋಕೆ ಭಯ ಆಗಿ ವಾಪಸ್ ಬರ್ತಿದ್ದೆ. ಎಕನಾಮಿಕ್ಸಲ್ಲಿ ಫೇಲಾದೆ. ಅದೊಂದ್ರಲ್ಲೇ. ಮತ್ತೆ ಕಟ್ಟೋಕೆ ಮನಸ್ಸಾಗ್ಲಿಲ್ಲ.”

ಈ ನೋಟ್ಸು ಓದಿ ಫೇಲಾದವರನ್ನು ನಾನು ಕಂಡಿಲ್ಲ. ಬರೆದವರೊಬ್ಬರೇ ಫೇಲು. ನನ್ನ ಫಸ್ಟ್ ಕ್ಲಾಸು ನೆನೆದು ನಾಚಿಕೆಯಾಯಿತು.

“ತಗೊಳ್ಳಿ ಮೇಡಂ, ನಿಮ್ದೇ ಇದು,” ಎಂದು ಪುಸ್ತಕ ಕೈಗಿತ್ತು, ಆ ಪತ್ರವನ್ನೂ ತೋರಿಸಿದೆ.

ಅವರು ಸೆರಗಿಗೆ ಕೈ ಒರೆಸಿಕೊಂಡು ಓದಿದರು. “ಇದಕ್ಕೆ ಸೈನ್ ಹಾಕ್ದಿದ್ರೆ ಕೆಲ್ಸ ಹೋಗುತ್ತಾ?”

“ಹೋಗ್ಬಹುದು.”

ಪುಟ ತಿರುವುತ್ತಾ ಕೊನೆಯ ಎರಡು ಪುಟದಲ್ಲಿ ನಿಂತರು. “ಇದ್ಯಾರ ಅಕ್ಷರ?”

“ನಂದು.”

“ಚೆನ್ನಾಗಿಲ್ಲ.” ಹೀರೇಕಾಯಿಯ ಪುಟಕ್ಕೆ ಹಿಂತಿರುಗಿ ಕೇಳಿದರು: “ನಾಳೆ ಕ್ಲಾಸ್ ಇದೆಯಾ ನಿಮ್ಗೆ?”

“ಇದೆ. ಈ ಪಾಠವೇ.”

ಕವಿತ ಪುಸ್ತಕ ಮುಚ್ಚಿ ನನ್ನ ಕೈಗೇ ಕೊಟ್ಟರು. “ತಗೊಂಡೋಗಿ. ಎರಡೇ ದಿನ. ಶನಿವಾರ ವಾಪಸ್ ತಂದ್ಕೊಡ್ಬೇಕು.”

ಶುಕ್ರವಾರ ಕ್ಲಾಸು ಮುಗಿಸಿ ಘೋಷಣಾ ಪತ್ರ ಬಿಡಿಸಿದೆ. ‘ನಾನೇ’ ಎಂಬುದನ್ನು ಹೊಡೆದುಹಾಕಿ ಪಿ. ಕವಿತ, ಕುಂದಾಣ ಎಂದು ಬರೆದೆ. ಹಕ್ಕಿನ ಸಾಲಿನ ಪಕ್ಕ ಬರೆದದ್ದು ಇಷ್ಟೇ: ಎರಡು ದಿನಕ್ಕೆ ಎರವಲು ಪಡೆದದ್ದು, ಶನಿವಾರ ಹಿಂತಿರುಗಿಸಬೇಕು. ಸ್ಕ್ಯಾನ್ ಮಾಡಲಿಲ್ಲ, ಅದಕ್ಕೆ ಅವರನ್ನು ಕೇಳಿರಲಿಲ್ಲ.

ಭಾನುಪ್ರಕಾಶ್ ಅದನ್ನು ಎರಡು ಸಲ ಓದಿದರು. “ತಲೆ ನೆಟ್ಟಗಿದೆ ತಾನೇ? ಇದನ್ನ ಯಾವ ಫೈಲಿಗೆ ಹಾಕ್ಲಪ್ಪಾ ನಾನು?”

“ನಂಗೂ ಗೊತ್ತಿಲ್ಲ ಸಾರ್,” ಎಂದೆ. ನಿಜವಾಗಿಯೂ ಗೊತ್ತಿರಲಿಲ್ಲ. ಮುಂದಿನ ವರ್ಷ ನನಗೆ ಕ್ಲಾಸಿದೆಯೋ ಇಲ್ಲವೋ, ಅದೂ ಗೊತ್ತಿಲ್ಲ.

ಶನಿವಾರ ಏಳೂವರೆಗೆ ಕುಂದಾಣ ತಲುಪಿದೆ. ಕವಿತ ನರ್ಸರಿಯ ಗೇಟಿನ ಹತ್ತಿರ ನಿಂತಿದ್ದರು. ಪುಸ್ತಕ ತೆಗೆದುಕೊಂಡು, ಮೊದಲ ಪುಟ ತೆರೆದು ನೋಡಿ, ಎದೆಗೆ ಒತ್ತಿಕೊಂಡರು.

“ನೀವು ಬರಲ್ಲ ಅನ್ಕೊಂಡಿದ್ದೆ,” ಎಂದರು. “ಆದ್ರೂ ಆರು ಗಂಟೆಯಿಂದ ಇಲ್ಲೇ ನಿಂತಿದೀನಿ.”