ಮೂಗು ಮಾವ ಒಳಗೆ ಬಿಟ್ಟ ಚೀಲ

ಆಯುರ್ವೇದ ಔಷಧಿ ಅಂಗಡಿಯ ಹಿಂದಿನ ಉಗ್ರಾಣದಲ್ಲಿ ಅವನಿಗಿದ್ದದ್ದು ಒಂದೇ ಕೆಲಸ: ಬಂದ ಸರಕನ್ನು ಮೂಸಿ ನೋಡಿ, ಒಳಗೆ ಬಿಡಬೇಕೋ ಬೇಡವೋ ಹೇಳುವುದು. ಇಪ್ಪತ್ತಾರು ವರ್ಷ ಅದನ್ನೇ ಮಾಡಿದ್ದ. ಎಲ್ಲರೂ ‘ಮೂಗು ಮಾವ’ ಅನ್ನುತ್ತಿದ್ದರು. ಕೊತ್ತಂಬರಿ ಬೀಜದ ವಿಷಯದಲ್ಲಂತೂ ಅವನ ಮಾತಿಗೆ ಎದುರಿರಲಿಲ್ಲ. ಹೊಟ್ಟೆಯುರಿ, ತಡೆಯಲಾರದ ಬಾಯಾರಿಕೆ ಅಂತ ಬಂದವರಿಗೆ ಅಂಗಡಿಯ ಡಾಕ್ಟರಮ್ಮ ಬರೆದುಕೊಡುತ್ತಿದ್ದದ್ದು ‘ಹಿಮ’. ತರಿತರಿಯಾಗಿ ಕುಟ್ಟಿದ ಕೊತ್ತಂಬರಿಯನ್ನು ರಾತ್ರಿಯಿಡೀ ತಣ್ಣೀರಲ್ಲಿ ನೆನೆಸಿ, ಬೆಳಿಗ್ಗೆ ಸೋಸಿ, ಕಲ್ಲುಸಕ್ಕರೆ ಹಾಕಿ ಕುಡಿಯಬೇಕು. ಒಲೆಗೆ ಇಡುವ ಹಾಗಿಲ್ಲ. ಬೀಜ ಹೇಗೋ ಔಷಧಿಯೂ ಹಾಗೆ.

ಒಮ್ಮೆ ಜ್ವರ ಬಂದು ಎಂಟು ದಿನ ಮಲಗಿದ. ಒಂಬತ್ತನೆಯ ಬೆಳಿಗ್ಗೆ ಎದ್ದು, ಹಾಲು ಕಾಯಲು ಇಟ್ಟು, ಒಲೆಗೆ ಬೆನ್ನು ಮಾಡಿ ಕೂತ. ಎದುರುಮನೆಯಾಕೆ ಬಂದು ಬಾಗಿಲು ಬಡಿದಳು.

“ಮನೇಲಿ ಯಾರೂ ಇಲ್ವಾ? ಬೀದಿಗೆಲ್ಲ ಸೀದ ವಾಸನೆ!”

ತಿರುಗಿ ನೋಡಿದರೆ ಪಾತ್ರೆ ಕಪ್ಪಾಗಿತ್ತು. “ಕಣ್ಣು ಹತ್ತಿಬಿಡ್ತು” ಅಂದ. ಅವಳು ಹೋದ ಮೇಲೆ ಸೋಪು ಮೂಸಿದ, ಕಾಫಿಪುಡಿ ಮೂಸಿದ. ಕೊನೆಗೆ ಪೆಟ್ಟಿಗೆ ತೆಗೆದು ಹೆಂಡತಿಯ ಶಾಲು ಮೂಸಿದ. ಹೆಂಡತಿ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಶಾಲನ್ನು ಅವನು ಒಗೆದಿರಲಿಲ್ಲ. ಈಗ ಅದು ಬರೀ ಉಣ್ಣೆ.

ಅಂಗಡಿಯಲ್ಲಿ ಬಾಯಿ ಬಿಡಲಿಲ್ಲ. ಹಿಂದಿನ ಹಾಗೇ ಕಣ್ಣು ಮುಚ್ಚಿ ಮೂಸುವುದು, ತಲೆಯಾಡಿಸುವುದು. ಬಣ್ಣ, ತೂಕ ನೋಡಿ ಅಂದಾಜಿನಲ್ಲಿ ಮೂರು ವಾರ ದೂಡಿದ. ಆಮೇಲೆ ಒಂದು ಚೀಲ ಬಂತು. ಬೀಜ ದುಂಡಗೆ, ಎಳೆ ಹಸಿರಾಗಿ, ಕಣ್ಣಿಗೆ ಹಬ್ಬ. “ಒಳಗೆ ಬಿಡಿ” ಅಂದ.

ನಾಲ್ಕು ದಿನಕ್ಕೆ ಹಳೇ ಗಿರಾಕಿ, ನಿವೃತ್ತ ಟೈಪಿಸ್ಟ್ ಹೆಂಗಸು, ನೇರ ಉಗ್ರಾಣಕ್ಕೇ ಬಂದು ಅವನ ಮುಂದೆ ಪೊಟ್ಟಣ ಇಟ್ಟಳು.

“ಏನಪ್ಪಾ, ಇದನ್ನ ನೀನೇ ನೋಡಿ ಬಿಟ್ಟಿದ್ದಾ? ಕುಡಿದ ತಕ್ಷಣ ವಾಂತಿ ಆಯ್ತು ನಂಗೆ.”

ಅವನು ಅಭ್ಯಾಸಬಲದಿಂದ ಮೂಗಿಗೆ ಹಿಡಿದ. “ಸರಿಯಾಗೇ ಇದೆಯಲ್ಲ ಅಕ್ಕ.”

“ಗಂಧಕದ ಹೊಗೆ ಕೊಟ್ಟು ಬಣ್ಣ ಬರಿಸಿದ್ದಾರೆ. ಮೂಗಿಗೆ ರಪ್ಪಂತ ಹೊಡೀತಿದೆ.” ಅವಳು ಅವನ ಮುಖವನ್ನೇ ನೋಡಿದಳು. ತನ್ನ ಕೈಚೀಲದಿಂದ ನೋವಿನ ಮುಲಾಮು ತೆಗೆದು, ಮುಚ್ಚಳ ಬಿಚ್ಚಿ ಹಿಡಿದಳು. “ಕಣ್ಣು ಮುಚ್ಚಿ ಹೇಳು, ಇದೇನು?”

ಅವನು ಪೊಟ್ಟಣವನ್ನು ಕೆಳಗಿಟ್ಟ.

“ಎಷ್ಟು ದಿನ ಆಯ್ತು?”

“ತಿಂಗಳಾಗ್ತಾ ಬಂತು.”

“ಯಾರಿಗೂ ಹೇಳಿಲ್ವಾ?”

“ಯಾರಿಗೆ ಹೇಳ್ಲಿ ಅಕ್ಕ?”

ನೆಪ ಹೇಳಿದ್ದಲ್ಲ, ನಿಜವಾಗಿಯೂ ಕೇಳಿದ್ದ. ಅವಳು ಮುಲಾಮಿಗೆ ಮುಚ್ಚಳ ಹಾಕಿ ಅಲ್ಲೇ ಸ್ಟೂಲಿನ ಮೇಲೆ ಕೂತಳು.

ಅವತ್ತೇ ಡಾಕ್ಟರಮ್ಮನಿಗೆ ಹೇಳಿದ. ಆಕೆ ಕೂಗಾಡಲಿಲ್ಲ, ಅದಕ್ಕೇ ಅವನಿಗೆ ಇನ್ನೂ ಕಷ್ಟವಾಯಿತು. ಆ ಚೀಲದ ಬೀಜ ಹನ್ನೊಂದು ಮನೆಗೆ ಹೋಗಿತ್ತು. “ನಾನೇ ಹೋಗಿ ತರ್ತೀನಿ” ಅಂದು ಹೊರಟ. ಒಂದೊಂದು ಬಾಗಿಲಲ್ಲೂ ಅದೇ ಮಾತು: “ತಪ್ಪು ನಂದು. ನನ್ನ ಮೂಗು ಸತ್ತಿದೆ. ಅದನ್ನ ಕುಡೀಬೇಡಿ.” ಒಬ್ಬಳು ಬಾಯಿಗೆ ಬಂದ ಹಾಗೆ ಬೈದಳು. ಒಬ್ಬರು ಕೂರಿಸಿ ನೀರು ಕೊಟ್ಟರು. ಪೊಟ್ಟಣವನ್ನು ಆಗಲೇ ಮುಗಿಸಿದ್ದ ಗಡಿಯಾರ ರಿಪೇರಿಯವನೊಬ್ಬ, “ಚೆನ್ನಾಗೇ ಇತ್ತಲ್ರೀ!” ಅಂದ. ಮೊದಲ ಮನೆಯಲ್ಲಿ ತೊದಲಿದ ಮಾತು ಹನ್ನೊಂದನೆಯದರಲ್ಲಿ ಸಲೀಸಾಗಿ ಬಂತು.

ಡಾಕ್ಟರಮ್ಮ ಅವನನ್ನು ಪೊಟ್ಟಣ ಕಟ್ಟಲು ಹಾಕಿದರು. ದಿನಾ ಎರಡು ಹೊತ್ತು ಲವಂಗ, ಶುಂಠಿ ಮೂಸಲು ಹೇಳಿದರು. ಮೂಸುತ್ತಾ ಆರು ತಿಂಗಳು ಕಳೆಯಿತು. ಯಾವ ವಾಸನೆಯೂ ಬರಲಿಲ್ಲ. ಅವನ ಜಾಗಕ್ಕೆ ಇಬ್ಬರು ಮಕ್ಕಳ ತಾಯಿಯೊಬ್ಬಳು ಬಂದಳು. ಅವಳಿಗೆ ಕಲಿಸುವುದೂ ಅವನ ಪಾಲಿಗೇ ಬಂತು. ಹಳೇ ಬೀಜ ಒಣ ಧೂಳಿನ ಹಾಗೆ, ತೇವ ಕುಡಿದದ್ದು ಹಾಸಿಗೆಯಡಿಯ ಹಾಗೆ ಅಂತ ನೆನಪಿನಿಂದಲೇ ಹೇಳಿಕೊಟ್ಟ.

ಒಂದು ದಿನ ಅವಳು ಹೊಸ ಚೀಲಕ್ಕೆ ಕೈಹಾಕಿ, ನಾಲ್ಕು ಕಾಳು ಉಜ್ಜಿ ಮೂಸಿದಳು. “ಇದು ಒಳ್ಳೇದು ಮಾವ.”

“ಹೇಗಿದೆ?”

“ಒಳ್ಳೇದು ಅಂದ್ನಲ್ಲ.”

“ಹಾಗಲ್ಲಮ್ಮ. ಹೇಗಿದೆ ಅಂತ ನಂಗೆ ಹೇಳು.”

ಅವಳು ಮತ್ತೆ ಮೂಸಿದಳು. ತುಂಬ ಹೊತ್ತು ಯೋಚಿಸಿದಳು.

“ಕೊತ್ತಂಬರಿ ಥರ ಇದೆ” ಅಂದು ನಕ್ಕಳು.

ಅವನೂ ನಕ್ಕ. ಆಮೇಲೆ ತನ್ನ ಮೂಲೆಗೆ ಹೋಗಿ ಕಾಗದ ಮಡಿಚಲು ಕೂತ.