ಜಾರುಬಂಡಿಯ ಕೆಳಗಿನ ಸೂಜಿ

ಎಲ್ಲಿಂದ ಶುರು ಮಾಡಲಿ? ಸೂಜಿಯಿಂದ ಶುರು ಮಾಡಿದರೆ ನೀವು ಹೆದರಿ ಪುಟ ಮಗುಚುತ್ತೀರಿ. ರಮಿತಾಳ ಕಂಪನಿಯ ಉದ್ಘಾಟನೆಯಿಂದ ಶುರು ಮಾಡಿದರೆ ಪೇಪರಿನ ಯಶೋಗಾಥೆ ಅಂಕಣವಾಗುತ್ತದೆ. (ಅಂಥದ್ದೊಂದು ಡ್ರಾಫ್ಟ್ ಬರೆದು ಹರಿದು ಹಾಕಿದೆ. ಅದರಲ್ಲಿ ಎಲ್ಲರೂ ಸುಮ್ಮಸುಮ್ಮನೆ ನಗುತ್ತಿದ್ದರು.)

೧

ರಮಿತಾ ಕುಂದಾಪುರದ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುತ್ತಿದ್ದವಳು. ಆ ಕೆಲಸ ಬಿಟ್ಟು, ಪಾರ್ಕುಗಳಲ್ಲಿ ಬಿದ್ದ ಸಿರಿಂಜು, ಬ್ಲೇಡು, ಒಡೆದ ಬಾಟಲಿ ಹೆಕ್ಕುವ ಸಣ್ಣ ಕಂಪನಿ ತೆರೆದಳು. ಬ್ರಹ್ಮಾವರದಿಂದ ಬೈಂದೂರಿನವರೆಗಿನ ಪಾರ್ಕುಗಳ ಗುತ್ತಿಗೆಯೆಲ್ಲ ತನಗೇ ಸಿಗಬೇಕೆಂಬ ಆಸೆ. ಸಿಕ್ಕಿದ್ದು ಕುಂದಾಪುರದ ಒಂದು ಪುಟ್ಟ ಪಾರ್ಕು, ಅದೂ ಪ್ರಾಯೋಗಿಕವಾಗಿ. ಜೊತೆಗೆ ಒಬ್ಬಳೇ ಕೆಲಸದವಳು, ನಾವುಂದದ ಬಾಗಿ. ವರ್ಷಗಟ್ಟಲೆ ಮನೆಮನೆಗೆ ಮೀನು ಹೊತ್ತು ಮಾರಿ, ಮಂಡಿನೋವು ಹಿಡಿದ ಮೇಲೆ ಬುಟ್ಟಿ ಇಳಿಸಿದವಳು.

೨

ಆ ಬೆಳಿಗ್ಗೆ ಜಾರುಬಂಡಿಯ ಕೆಳಗಿನ ಮರಳಿನಲ್ಲಿ ಬಾಗಿಗೆ ಒಂದು ಸಿರಿಂಜು ಕಂಡಿತು. ಇಕ್ಕಳ ತರಲು ತಿರುಗುವಷ್ಟರಲ್ಲಿ ಮಗುವೊಂದು ಬರಿಗಾಲಿನಲ್ಲಿ ಜಾರಿ ಬಂತು. ಬಾಗಿ ಒಂದು ಕೈಯಲ್ಲಿ ಮಗುವನ್ನು ಆಚೆ ದೂಡಿದಳು; ಇನ್ನೊಂದು ಕೈ ಮರಳಿಗೆ ಊರಿತು. ಸೂಜಿ ಗ್ಲೌಸು ದಾಟಿ ಅಂಗೈಗೆ ಹೊಕ್ಕಿತು. ಮಗು ಅತ್ತಿತು. ಅದರ ತಾಯಿ ಓಡಿಬಂದು, ಮಗುವನ್ನು ದೂಡಿದ್ದಕ್ಕೆ ಬಾಗಿಗೆ ಚೆನ್ನಾಗಿ ಬೈದು ಹೋದಳು.

(ಆ ತಾಯಿಯಿಂದ ಕ್ಷಮೆ ಕೇಳಿಸುವ ಆಸೆ ನನಗಿತ್ತು. ಆದರೆ ಅವಳಿಗೆ ವಿಷಯವೇ ಗೊತ್ತಿಲ್ಲ.)

ರಮಿತಾ ಕೈ ತೊಳೆಸಿ ನೇರ ಆಸ್ಪತ್ರೆಗೆ ಕರೆದೊಯ್ದಳು. ಎಚ್‌ಐವಿ ತಗುಲದಿರಲೆಂದು ಡಾಕ್ಟರು ಮಾತ್ರೆ ಶುರು ಮಾಡಿದರು. ಈಗ ಪರೀಕ್ಷೆಯಲ್ಲಿ ಏನೂ ಕಾಣದು, ಕೆಲವು ವಾರ ಬಿಟ್ಟು ಮತ್ತೆ ನೋಡಬೇಕು ಅಂದರು. ಮುಟ್ಟಿದರೆ, ಜೊತೆಗೆ ಉಂಡರೆ ಯಾರಿಗೂ ಏನೂ ಆಗದು ಎಂದೂ ಹೇಳಿದರು. ಹೊರಗೆ ಬಂದ ಮೇಲೆ ಬಾಗಿ ಕೇಳಿಕೊಂಡದ್ದು ಒಂದೇ.

"ಮನಿಯಲ್ ಹೇಳ್ಬೇಡ ರಮಿತಾ. ಅಮಿತಾ ಬಸ್ರಿ, ಹೆದ್ರ್‌ಕಂತ್."

ಅಮಿತಾ ಬಾಗಿಯ ಮಗಳು, ಹೆರಿಗೆಗೆಂದು ತವರಿಗೆ ಬಂದಿದ್ದಳು. ರಮಿತಾ ಮಾತು ಕೊಟ್ಟಳು.

೩

ರಮಿತಾಳಿಗೆ ನಿದ್ದೆ ಹತ್ತಲಿಲ್ಲ. ಲ್ಯಾಬಿನಲ್ಲಿ ಲೆಕ್ಕವಿಲ್ಲದಷ್ಟು ಸೂಜಿ ಹಿಡಿದವಳಿಗೆ ಈಗ ಹುಲ್ಲಿನ ಮೇಲೆ ಕಾಲಿಡಲೂ ಭಯ. ಕಂಪನಿ ಮುಚ್ಚುತ್ತೇನೆ ಅಂದಳು. ಬಾಗಿ ಒಪ್ಪಲಿಲ್ಲ, ಆ ಮಗು ನಾಳೆಯೂ ಆಡಲು ಬರುತ್ತದಲ್ಲ ಅಂದಳು.

ಇಲ್ಲಿ ನಾನು ತಡೆಯಲಾರದೆ ನಡುವೆ ಬಾಯಿ ಹಾಕಿದೆ. ಬಾಗಿಯಕ್ಕ, ಎರಡನೇ ಪರೀಕ್ಷೆಯಲ್ಲೂ ಏನೂ ಇಲ್ಲ ಅಂತ ಬರೆದುಬಿಡುತ್ತೇನೆ, ಒಂದು ಸಾಲಿನ ಕೆಲಸ ಅಂದೆ. ಅವಳು ತಲೆ ಎತ್ತಲಿಲ್ಲ.

"ನೀವ್ ಬರ್ದ್ರೆ ನನ್ ಹೆದ್ರಿಕಿ ಹೋತಾ? ಮಗ್ಳ ಎದ್ರ್ ಕೂಕಂಬುದ್ ನಾನಲ್ದಾ?"

ಬರೆದಿದ್ದ ಸಾಲನ್ನು ಅಳಿಸಿದೆ.

೪

ಒಂದು ದಿನ ಅಮಿತಾ ರಮಿತಾಳಿಗೆ ಫೋನು ಮಾಡಿದಳು. ಅಮ್ಮ ಬೇರೆ ತಟ್ಟೆಯಲ್ಲಿ, ಹಿತ್ತಲ ಮೆಟ್ಟಿಲ ಮೇಲೆ ಕೂತು ಉಣ್ಣುತ್ತಾಳೆ, ಹತ್ತಿರ ಹೋದರೆ ಎದ್ದು ಹೋಗುತ್ತಾಳೆ, ತನ್ನಿಂದ ಏನು ತಪ್ಪಾಯಿತು ಎಂದು ಅತ್ತಳು. ಮಾತು ಕೊಟ್ಟಿದ್ದ ರಮಿತಾ ಗೊತ್ತಿಲ್ಲ ಅಂದಳು. (ಕೆಟ್ಟ ಸುಳ್ಳು. ಫೋನಿನಲ್ಲೇ ಗೊತ್ತಾಗುವಂಥದ್ದು.)

ಆ ಸಂಜೆಯೇ ರಮಿತಾ ಬಾಗಿಯನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ತಲ್ಲೂರು ದಾಟಿ ನಾವುಂದಕ್ಕೆ ಹೊರಟಳು. ನಾನು ಹೇಳುವುದಿಲ್ಲ, ನೀವೇ ಹೇಳಬೇಕು ಎಂದು ದಾರಿಯುದ್ದಕ್ಕೂ ಬೇಡಿಕೊಂಡಳು. ಡಾಕ್ಟರು ಹೇಳಿದ್ದು ತಲೆಗೆ ಹೋಗಿದೆ, ಕೈಗೆ ಹೋಗುತ್ತಿಲ್ಲ ಎಂದು ಬಾಗಿ ಗೊಣಗಿದಳು.

ಬಾಗಿ ಅಂಗಳದಲ್ಲಿ ನಿಂತುಕೊಂಡೇ ಎಲ್ಲವನ್ನೂ ಹೇಳಿದಳು. ಅಮಿತಾ ಮೊದಲು ರಮಿತಾಳ ಮೇಲೆ ಹರಿಹಾಯ್ದಳು: ಸೂಜಿ ದಾಟುವಂಥ ಗ್ಲೌಸು ಕೊಟ್ಟು ಎಂಥ ಕಂಪನಿ ನಡೆಸುತ್ತೀರಿ? ಆಮೇಲೆ ಒಳಗೆ ಹೋಗಿ ಎಣ್ಣೆ, ಬಾಚಣಿಗೆ ತಂದು, ತಾಯಿಯನ್ನು ಜಗಲಿಯ ಮೇಲೆ ಕೂರಿಸಿ, ತಾನು ಕೆಳಗಿನ ಮೆಟ್ಟಿಲಲ್ಲಿ ಬೆನ್ನು ಹಾಕಿ ಕೂತಳು.

"ಅಮ್ಮ, ತಲಿ ಬಾಚ್."

ಮುಂದೆ? ಎರಡು ಮುಕ್ತಾಯ ಬರೆದಿಟ್ಟಿದ್ದೇನೆ. ಒಂದರಲ್ಲಿ ರಿಪೋರ್ಟು ಚೆನ್ನಾಗಿ ಬಂದು ಬ್ರಹ್ಮಾವರದ ಪಾರ್ಕೂ ಸಿಗುತ್ತದೆ. ಇನ್ನೊಂದನ್ನು ನನಗೇ ಓದಲಾಗುತ್ತಿಲ್ಲ. ಪರೀಕ್ಷೆಗೆ ಇನ್ನೂ ದಿನವಿದೆ. ಯಾವುದನ್ನೂ ಇಲ್ಲಿ ಅಂಟಿಸಲಾರೆ. ಬಾಗಿಯ ಕೈ ಕೂದಲಿಗೆ ತಾಗದೆ ಗಾಳಿಯಲ್ಲೇ ನಿಂತಿದೆ. ಅಮಿತಾ ತಿರುಗಿ ನೋಡುವುದಿಲ್ಲ. ಜಡೆ ಬಿಚ್ಚಿ, ಬೆನ್ನ ತುಂಬ ಕೂದಲು ಹರಡಿಕೊಂಡು ಕಾಯುತ್ತಿದ್ದಾಳೆ